ಕುಣಿಸುವ ಪಂಕ್ ಮತ್ತೆ ಬಂದಿದೆ, ಹಳೇ ಬಾಕಿ ಹಾಗೇ ಇದೆ

2024ರ ಆಗಸ್ಟಿನಲ್ಲಿ ಚಾರ್ಲಿ ಎಕ್ಸ್‌ಸಿಎಕ್ಸ್ ಮತ್ತು ಬಿಲ್ಲಿ ಐಲಿಶ್ ಸೇರಿ ಹಾಡಿದ 'ಗೆಸ್' ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ಹಿಂದೆ ಕೆಲಸ ಮಾಡಿದವನು ನ್ಯೂಯಾರ್ಕಿನ ಹ್ಯಾರಿಸನ್ ಪ್ಯಾಟ್ರಿಕ್ ಸ್ಮಿತ್. ವೇದಿಕೆಯ ಮೇಲೆ ಅವನ ಹೆಸರು ದ ಡೇರ್. ಕಪ್ಪು ಸೂಟು, ಸಣ್ಣ ಟೈ, ಕುಣಿಯೋಕೆ ಹೇಳಿ ಮಾಡಿಸಿದ ಬೀಟು, ಹಾಡೋದಕ್ಕಿಂತ ಮಾತಾಡಿದಂಥ ದನಿ. ಮುಂದಿನ ತಿಂಗಳೇ ಅವನ ಸ್ವಂತ ಆಲ್ಬಂ ಬಂತು. ಕೇಳಿದವರಲ್ಲಿ ನಲವತ್ತು ದಾಟಿದವರ ಪ್ರತಿಕ್ರಿಯೆ ಒಂದೇ ಥರ ಇತ್ತು: ಇದು ನಮ್ಮ ಕಾಲದ್ದಲ್ವಾ? ಅವರು ಹೇಳುತ್ತಿದ್ದದ್ದು 2002, 2003ರ ಮಾತು. ಆದರೆ 2003ರಲ್ಲಿ ನಲವತ್ತೈದರ ಹತ್ತಿರ ಇದ್ದವರೂ ಹಾಗೇ ಅಂದಿರಬಹುದು. ಯಾಕೆಂದರೆ ಆಗ ಬಂದದ್ದೂ ಎರಡನೇ ಸಲ ಬಂದದ್ದೇ. ಮೊದಲ ಸಲ ಬಂದದ್ದು 1978, 79ರಲ್ಲಿ.

ಈ ಸಂಗೀತಕ್ಕೆ ಡ್ಯಾನ್ಸ್-ಪಂಕ್ ಅನ್ನುತ್ತಾರೆ. ಡಿಸ್ಕೊ-ಪಂಕ್, ಪಂಕ್-ಫಂಕ್ ಅನ್ನೋದೂ ಉಂಟು. ಪಂಕ್ ಅಂದರೆ ಎಪ್ಪತ್ತರ ದಶಕದ ಒರಟು, ವೇಗದ ರಾಕ್; ಫಂಕ್ ಅಂದರೆ ಅಮೆರಿಕದ ಕರಿಯರ, ತಾಳವೇ ಮುಖ್ಯವಾದ ಕುಣಿತದ ಸಂಗೀತ. ಅರ್ಧ ಶತಮಾನದಲ್ಲಿ ಮೂರು ಸಲ ಹುಟ್ಟಿದ ಶೈಲಿ ಇದು. ಪ್ರತಿ ಸಲ ಯಾಕೆ ಬಂತು, ಬಂದಾಗ ಯಾರಿಗೆ ಹೆಸರು ಬಂತು, ಯಾರಿಗೆ ದುಡ್ಡು ಬಂತು ಅಂತ ನೋಡಿದರೆ ಕಥೆ ಬೇರೆ ಥರ ಕಾಣಿಸುತ್ತದೆ.

ಮೊದಲು ತಾಳವನ್ನೇ ಹತ್ತಿರದಿಂದ ಕೇಳೋಣ. ಮಾಮೂಲಿ ಪಂಕ್ ಹಾಡಿನಲ್ಲಿ ಡ್ರಮ್ಮು, ಬೇಸು (ಕೆಳದನಿಯ ಗಿಟಾರು), ಗಿಟಾರು ಮೂರೂ ಒಟ್ಟಿಗೆ ಒಂದೇ ಉಸಿರಲ್ಲಿ ಓಡುತ್ತವೆ. ಎಗರಬಹುದು, ಗುದ್ದಾಡಬಹುದು, ಕುಣಿಯೋದು ಕಷ್ಟ. ಡಿಸ್ಕೊದಲ್ಲಿ ಹಾಗಲ್ಲ. ಕಾಲಲ್ಲಿ ಒತ್ತುವ ಕಿಕ್ ಡ್ರಮ್ಮು ನಾಲ್ಕು ಮಾತ್ರೆಗೂ ಧಂ ಧಂ ಅನ್ನುತ್ತದೆ. ಎರಡು ಧಂಗಳ ನಡುವೆ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ ಬಾಯಿ ತೆರೆದು 'ತ್ಸ್' ಅನ್ನುತ್ತದೆ. ಎಂಬತ್ತರ ದಶಕದ ನಮ್ಮ ಸಿನಿಮಾಗಳ ಡಿಸ್ಕೊ ಹಾಡು ಕೇಳಿದವರಿಗೆ ಈ ಧಂ-ತ್ಸ್ ಚೆನ್ನಾಗಿ ಗೊತ್ತು. ಡ್ಯಾನ್ಸ್-ಪಂಕ್ ಮಾಡಿದವರು ಈ ಡ್ರಮ್ಮನ್ನು ಹಾಗೇ ತಗೊಂಡರು. ಅದರ ಮೇಲೆ ರಾಗದ ಭಾರವನ್ನೆಲ್ಲ ಬೇಸ್ ಗಿಟಾರಿನ ಹೆಗಲಿಗೆ ಹಾಕಿದರು. ಗಿಟಾರಿಗೆ ಉಳಿದದ್ದು ಚಕ್ ಚಕ್ ಅಂತ ಕತ್ತರಿಸುವ ಕೆಲಸ. ಪಿಟೀಲು, ತುತ್ತೂರಿ, ಹೊಳೆಯುವ ಬಟ್ಟೆ ಎಲ್ಲ ಔಟ್. ಹಾಡುಗಾರ ಪ್ರೀತಿಯ ಮಾತಾಡೋ ಜಾಗದಲ್ಲಿ ಜಗಳದ ಮಾತಾಡುತ್ತಾನೆ.

ಇಂಗ್ಲೆಂಡಿನ ಪಂಕ್ ಹುಡುಗರಿಗೆ ಬೇಸಿನ ರುಚಿ ಹತ್ತಿಸಿದ್ದು ಜಮೈಕಾದ ಸಂಗೀತ. ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ 1977ರ ಆರಂಭದಲ್ಲಿ ರೆಕಾರ್ಡು ಹಾಕುತ್ತಿದ್ದವನು ಡಾನ್ ಲೆಟ್ಸ್. ಜಮೈಕಾದಿಂದ ಬಂದ ಕುಟುಂಬದ ಹುಡುಗ. ಬ್ಯಾಂಡುಗಳು ಬದಲಾಗುವ ಹೊತ್ತಿನಲ್ಲಿ ಏನಾದರೂ ಹಾಕಬೇಕು, ಆದರೆ ಪಂಕ್ ರೆಕಾರ್ಡುಗಳೇ ಆಗಿನ್ನೂ ಬೆರಳೆಣಿಕೆಯಷ್ಟು. ಅವನು ತನ್ನ ಮನೆಯ ರೆಗೆ, ಡಬ್ ರೆಕಾರ್ಡುಗಳನ್ನು ಹಾಕಿದ. ಡಬ್ಬಿನಲ್ಲಿ ಬೇಸೇ ರಾಜ. ಗಿಟಾರು, ದನಿ ಬರುತ್ತವೆ, ಮಾಯವಾಗುತ್ತವೆ, ಮಾರ್ದನಿಯಾಗಿ ವಾಪಸ್ ಬರುತ್ತವೆ. ಕೆಳಗೆ ಬೇಸು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ಎರಡು ವರ್ಷ ಕಳೆಯುವುದರೊಳಗೆ ಆ ಪಾಠ ಎಲ್ಲ ಕಡೆ ಕೇಳಿಸತೊಡಗಿತು. ದ ಸ್ಲಿಟ್ಸ್ ಮತ್ತು ದ ಪಾಪ್ ಗ್ರೂಪ್ ಎರಡೂ ತಮ್ಮ ಮೊದಲ ಆಲ್ಬಂ ಮಾಡಿದ್ದು 1979ರಲ್ಲಿ. ಎರಡನ್ನೂ ತಯಾರಿಸಿದ್ದು ಬಾರ್ಬಡೋಸಿನಲ್ಲಿ ಹುಟ್ಟಿದ ರೆಗೆ ಕಲಾವಿದ ಡೆನಿಸ್ ಬೊವೆಲ್.

ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಬ್ಯಾಂಡು ಬಿಟ್ಟು ಬಂದ ಜಾನ್ ಲೈಡನ್ ಕಟ್ಟಿದ ಪಬ್ಲಿಕ್ ಇಮೇಜ್ ಲಿಮಿಟೆಡ್ 1979ರಲ್ಲಿ 'ಡೆತ್ ಡಿಸ್ಕೊ' ಎಂಬ ಹಾಡು ಹೊರತಂದಿತು. ಕ್ಯಾನ್ಸರಿನಿಂದ ಸಾಯುತ್ತಿದ್ದ ತಾಯಿಯ ಬಗ್ಗೆ ಬರೆದ ಹಾಡು. ಕೆಳಗೆ ಡಿಸ್ಕೊ ಡ್ರಮ್ಮು, ಜಾ ವಾಬಲ್‌ನ ಡಬ್ ಬೇಸು. ಮೇಲೆ ಕೀತ್ ಲೆವೀನ್‌ನ ಗಿಟಾರು 'ಸ್ವಾನ್ ಲೇಕ್' ಬ್ಯಾಲೆಯ ರಾಗವನ್ನು ಹಿಂಡುತ್ತದೆ. ಲೈಡನ್ ಅರಚುತ್ತಾನೆ. ಇಷ್ಟಾಗಿಯೂ ಅದು ಬ್ರಿಟನ್ನಿನ ಪಟ್ಟಿಯಲ್ಲಿ 20ನೇ ಸ್ಥಾನಕ್ಕೆ ಬಂತು! ಅದೇ ವರ್ಷದ ಕೊನೆಗೆ ಬಂದ ಅವರ 'ಮೆಟಲ್ ಬಾಕ್ಸ್' ಆಲ್ಬಮ್ಮನ್ನು ಸಿನಿಮಾ ರೀಲಿನ ತಗಡಿನ ಡಬ್ಬಿಯಲ್ಲಿಟ್ಟು ಮಾರಿದರು. ಒಳಗೆ ಮೂರು 12 ಇಂಚಿನ ತಟ್ಟೆಗಳು, ನಿಮಿಷಕ್ಕೆ 45 ಸುತ್ತಿನ ವೇಗದವು. ಡಿಸ್ಕೊ ಡಿಜೆಗಳು ಬಳಸುವ ಅಳತೆ ಅದು. ತಟ್ಟೆಯ ಮೇಲಿನ ಗೆರೆ ಅಗಲವಾಗಿದ್ದಷ್ಟೂ ಬೇಸು ಜೋರಾಗಿ ಕೂರುತ್ತದೆ. ಡಬ್ಬಿಯಿಂದ ತಟ್ಟೆ ಹೊರಗೆ ತೆಗೆಯೋದು ಮಾತ್ರ ದೊಡ್ಡ ಸರ್ಕಸ್ಸು.

ಆದರೂ ಈ ಶೈಲಿಗೆ ಒಂದು ವಿಳಾಸ ಕೊಡಿ ಅಂದರೆ ನಾನು ಕೊಡೋದು ಲೀಡ್ಸ್ ಊರಿನದು. ಅಲ್ಲಿನ ವಿಶ್ವವಿದ್ಯಾಲಯದ ಸುತ್ತ ಗ್ಯಾಂಗ್ ಆಫ್ ಫೋರ್, ಡೆಲ್ಟಾ 5, ಮೀಕಾನ್ಸ್ ಬ್ಯಾಂಡುಗಳು ಒಟ್ಟಿಗೆ ಬೆಳೆದವು. ಊರಿನಲ್ಲಿ ನ್ಯಾಷನಲ್ ಫ್ರಂಟ್ ಎಂಬ ಜನಾಂಗದ್ವೇಷಿ ಪಕ್ಷದವರ ಹಾವಳಿ ಇತ್ತು. ಸಂಗೀತ ಕೇಳೋಕೆ ಹೋದವರು ಹೊಡೆದಾಟಕ್ಕೂ ತಯಾರಾಗಿರಬೇಕಿತ್ತು. ಇಂಥ ಕಡೆ ಕರಿಯರ ತಾಳವನ್ನು ಆರಿಸಿಕೊಂಡು ನುಡಿಸೋದು ಸುಮ್ನೆ ಶೋಕಿ ಆಗಿರಲಿಲ್ಲ. ಯಾವ ಪಕ್ಷದ ಕಡೆ ನಿಂತಿದ್ದೀರಿ ಅಂತ ಅದರಿಂದಲೇ ಗೊತ್ತಾಗುತ್ತಿತ್ತು.

ಗ್ಯಾಂಗ್ ಆಫ್ ಫೋರ್‌ನ 'ಎಂಟರ್‌ಟೈನ್‌ಮೆಂಟ್!' 1979ರಲ್ಲಿ ಬಂತು. ಆಂಡಿ ಗಿಲ್‌ನ ಗಿಟಾರು ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ರಾಕ್ ಸಂಗೀತಗಾರರೆಲ್ಲ ಬೆಚ್ಚನೆಯ ದನಿ ಬೇಕು ಅಂತ ವಾಲ್ವ್ ಆಂಪ್ಲಿಫೈಯರ್ ಹುಡುಕಿಕೊಂಡು ಹೋಗುತ್ತಿದ್ದರೆ ಇವನು ಬೇಕಂತಲೇ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಹಿಡಿದ. ಒಣ ದನಿ, ತಗಡು ಹರಿದ ಹಾಗೆ. ಸೋಲೊ ಬರಬೇಕಾದ ಜಾಗದಲ್ಲಿ ಎಷ್ಟೋ ಸಲ ಗಿಟಾರು ಸುಮ್ಮನಾಗಿಬಿಡುತ್ತದೆ. ಹ್ಯೂಗೊ ಬರ್ನಮ್‌ನ ಡ್ರಮ್ಮು, ಡೇವ್ ಆಲನ್‌ನ ಬೇಸು ಮಾತ್ರ ಮುಂದುವರಿಯುತ್ತವೆ. ಹಾಡುಗಳ ವಿಷಯ ಏನು ಗೊತ್ತಾ? ಬಿಡುವಿನ ಹೊತ್ತೂ ಮಾರಾಟದ ಸರಕಾಗಿದೆ, ಪ್ರೀತಿಯೂ ಹಾಗೇ ಆಗಿದೆ ಅನ್ನೋದು. ಕುಣಿಸುತ್ತಾ ಕುಣಿಸುತ್ತಾ, ನೀನು ಕುಣಿಯೋದಕ್ಕೂ ಯಾರೋ ಟಿಕೆಟ್ ಹರಿಯುತ್ತಿದ್ದಾರೆ ನೋಡು ಅಂತ ಚುಚ್ಚುತ್ತಾರೆ. ಇದನ್ನು ಹೊರತಂದದ್ದು ಇಎಂಐ ಎಂಬ ದೊಡ್ಡ ಕಂಪನಿ. ಈ ವಿರೋಧಾಭಾಸ ಅವರಿಗೂ ಗೊತ್ತಿತ್ತು. ಒಮ್ಮೆ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮಕ್ಕೆ ಕರೆ ಬಂತು. ಹಾಡಿನಲ್ಲಿ ಕಾಂಡೋಮಿಗೆ ಹೇಳುವ ಆಡುಮಾತೊಂದಿದೆ, ಬದಲಾಯಿಸಿ ಅಂದರು. ಚೌಕಾಸಿ ಹರಿಯಲಿಲ್ಲ. ಬ್ಯಾಂಡು ಎದ್ದು ಹೊರಟುಹೋಯಿತು. ದೊಡ್ಡ ಹಿಟ್ ಆಗುವ ಅವಕಾಶವೂ ಅಂದೇ ಹೋಯಿತು.

ಅಟ್ಲಾಂಟಿಕ್ ಸಾಗರದ ಆಚೆ ಹವಾ ಬೇರೆ ಇತ್ತು. 1979ರ ಜುಲೈ 12ರಂದು ಶಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ 'ಡಿಸ್ಕೊ ಡೆಮೊಲಿಷನ್ ನೈಟ್' ನಡೆಯಿತು. ಒಂದು ಡಿಸ್ಕೊ ರೆಕಾರ್ಡು ತಂದವರಿಗೆ ಟಿಕೆಟ್ 98 ಸೆಂಟ್. ತಂದ ರೆಕಾರ್ಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮೈದಾನದ ನಡುವೆ ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೇ ಆಟವೇ ರದ್ದಾಯಿತು. ಡಿಸ್ಕೊ ಹುಟ್ಟಿದ್ದು ಕರಿಯರ, ಲ್ಯಾಟಿನೊಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಅದನ್ನು ಸುಟ್ಟವರಲ್ಲಿ ಬಹುಪಾಲು ಬಿಳಿ ರಾಕ್ ಅಭಿಮಾನಿಗಳು. ಇದರಲ್ಲಿ ಸಂಗೀತದ ಅಭಿರುಚಿ ಎಷ್ಟು, ಬೇರೆಯದೆಷ್ಟು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಹೊತ್ತಿಗೆ ನ್ಯೂಯಾರ್ಕಿನ ಕೆಳಪೇಟೆಯಲ್ಲಿ ಪಂಕ್ ಹುಡುಗರು ಡಿಸ್ಕೊ ನುಡಿಸತೊಡಗಿದ್ದರು. ನಗರ 1975ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು. ಖಾಲಿ ಗೋದಾಮುಗಳು, ಕಮ್ಮಿ ಬಾಡಿಗೆ. ಕಲಾವಿದರು, ರ‍್ಯಾಪ್ ಮಾಡುವವರು, ಕಾಂಗಾ ಡೋಲು ಬಾರಿಸುವವರು, ಸಿನಿಮಾದವರು ಒಂದೇ ಬೀದಿಯಲ್ಲಿ ಓಡಾಡುತ್ತಿದ್ದರು. ಮಡ್ ಕ್ಲಬ್ 1978ರಲ್ಲಿ ಶುರುವಾಯಿತು. ಜೇಮ್ಸ್ ಚಾನ್ಸ್ ಸ್ಯಾಕ್ಸೊಫೋನ್ ಹಿಡಿದು ಜೇಮ್ಸ್ ಬ್ರೌನ್‌ನ ತಾಳವನ್ನು ಚಿತ್ರಹಿಂಸೆ ಕೊಟ್ಟು ನುಡಿಸಿದ. ಬುಷ್ ಟೆಟ್ರಾಸ್ ಬಂತು. ಟಾಕಿಂಗ್ ಹೆಡ್ಸ್ ಆಫ್ರಿಕಾದ ತಾಳಗಳ ಬೆನ್ನು ಹತ್ತಿ 1980ರಲ್ಲಿ 'ರಿಮೇನ್ ಇನ್ ಲೈಟ್' ಮಾಡಿತು.

ಆದರೆ ಬೆರಕೆ ಅಷ್ಟು ಸಲೀಸಾಗಿಯೂ ಇರಲಿಲ್ಲ. 1981ರಲ್ಲಿ ಟೈಮ್ಸ್ ಸ್ಕ್ವೇರಿನ ಬಾಂಡ್ಸ್ ಎಂಬಲ್ಲಿ ಲಂಡನ್ನಿನ ಪಂಕ್ ಬ್ಯಾಂಡು ದ ಕ್ಲ್ಯಾಶ್ ಸಾಲು ಸಾಲು ಕಛೇರಿ ಮಾಡಿತು. ಮೊದಲಿಗೆ ನುಡಿಸಲು ಹಿಪ್-ಹಾಪ್‌ನ ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ತಂಡವನ್ನು ಪ್ರೀತಿಯಿಂದ ಕರೆಸಿತ್ತು. ಕ್ಲ್ಯಾಶ್ ಅಭಿಮಾನಿಗಳು ಅವರ ಮೇಲೆ ಲೋಟಗಳನ್ನು ಎಸೆದು ಕೂಗಾಡಿದರು. ಬ್ಯಾಂಡಿಗೆ ಇಷ್ಟವಾದ ತಾಳ ಬ್ಯಾಂಡಿನ ಜನಕ್ಕೆ ಇಷ್ಟವಾಗಬೇಕೆಂದಿಲ್ಲ.

ಈಗ ಇಎಸ್‌ಜಿ ಕಥೆಗೆ ಬರೋಣ. ಇಡೀ ವಿಷಯದ ತಿರುಳು ಇರೋದು ಇಲ್ಲೇ.

ಸೌತ್ ಬ್ರಾಂಕ್ಸ್‌ನ ಸರ್ಕಾರಿ ವಸತಿಯಲ್ಲಿದ್ದ ಸ್ಕ್ರಾಗಿನ್ಸ್ ಕುಟುಂಬ. ಮಕ್ಕಳು ಬೀದಿಗೆ ಬಿದ್ದು ಕೆಡಬಾರದು ಅಂತ ಅಮ್ಮ ವಾದ್ಯ ಕೊಡಿಸಿದಳು. ರೆನೆ, ವ್ಯಾಲರಿ, ಮೇರಿ, ಡೆಬೊರಾ ನಾಲ್ವರು ಅಕ್ಕತಂಗಿಯರು ಬ್ಯಾಂಡು ಕಟ್ಟಿದರು, ಕಾಂಗಾ ಬಾರಿಸೋಕೆ ಪಕ್ಕದ ಮನೆ ಕಡೆಯ ಟಿಟೊ ಲಿಬ್ರಾನ್ ಸೇರಿಕೊಂಡ. ಪಚ್ಚೆ, ನೀಲ ಇಬ್ಬರ ಜನ್ಮರತ್ನಗಳು, ಚಿನ್ನ ಮುಂದೆ ಸಿಗಬೇಕಾದ ಗೋಲ್ಡ್ ರೆಕಾರ್ಡಿಗೆ: ಈ ಮೂರರ ಇಂಗ್ಲಿಷ್ ಮೊದಲಕ್ಷರ ಸೇರಿ ಇಎಸ್‌ಜಿ ಆಯಿತು. ಅವರಿಗೆ ಪಂಕ್ ಆಗಬೇಕೆಂದೇನೂ ಇರಲಿಲ್ಲ. ಜೇಮ್ಸ್ ಬ್ರೌನ್ ಹಾಡಿನಲ್ಲಿ ಬೇಸು, ಡ್ರಮ್ಮು ಮಾತ್ರ ಉಳಿಯುವ ಭಾಗ ಬರುತ್ತದಲ್ಲ, ಅದನ್ನೇ ಇಡೀ ಹಾಡಾಗಿ ನುಡಿಸಬೇಕು ಅನ್ನೋದು ರೆನೆಯ ಆಸೆ. ಒಂದು ಬೇಸು, ಒಂದು ಡ್ರಮ್ಮು, ಕಾಂಗಾ, ದನಿ. ಬಹಳ ಹಾಡಿನಲ್ಲಿ ಗಿಟಾರೂ ಇರೋದಿಲ್ಲ. ಜಾಸ್ತಿ ಏನೂ ಇಲ್ಲದ ಕಾರಣಕ್ಕೇ ಅದು ಪಂಕ್ ಕಿವಿಗಳಿಗೂ ಹಿಡಿಸಿತು.

ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸಿನ ಟೋನಿ ವಿಲ್ಸನ್ ಅವರನ್ನು ನ್ಯೂಯಾರ್ಕಿನಲ್ಲಿ ನೋಡಿದ. ಜಾಯ್ ಡಿವಿಷನ್‌ಗೆ ರೆಕಾರ್ಡು ತಯಾರಿಸಿಕೊಟ್ಟ ಮಾರ್ಟಿನ್ ಹ್ಯಾನೆಟ್‌ನ ಕೈಲಿ ರೆಕಾರ್ಡಿಂಗ್ ಮಾಡಿಸಿದ. ಎರಡು ಹಾಡು ಮುಗಿದ ಮೇಲೆ ಟೇಪಿನಲ್ಲಿ ಇನ್ನೂ ಸ್ವಲ್ಪ ಜಾಗ ಉಳಿದಿತ್ತು. ಸುಮ್ನೆ ಯಾಕೆ ಬಿಡಬೇಕು ಅಂತ 'ಯುಎಫ್‌ಒ' ಎಂಬ ವಾದ್ಯದ ತುಣುಕನ್ನು ನುಡಿಸಿದರು. ಶುರುವಿನಲ್ಲೇ ಸೈರನ್ನಿನಂತೆ ಊಳಿಡುವ ಗಿಟಾರು, ಆಮೇಲೆ ಬೇಸು, ಡ್ರಮ್ಮು. 1981ರಲ್ಲಿ ರೆಕಾರ್ಡು ಬಂತು. ಮುಂದೆ ಹಿಪ್-ಹಾಪ್ ಡಿಜೆಗಳು ಅದನ್ನು ನಿಧಾನ ಮಾಡಿ ಹಾಕಿದರು, ಆ ಸೈರನ್ ಇನ್ನಷ್ಟು ದೆವ್ವದ ಥರ ಕೇಳಿಸಿತು. ಬಿಗ್ ಡ್ಯಾಡಿ ಕೇನ್, ಪಬ್ಲಿಕ್ ಎನಿಮಿ, ನಟೋರಿಯಸ್ ಬಿ.ಐ.ಜಿ., ಹೀಗೆ ನೂರಾರು ರೆಕಾರ್ಡುಗಳಲ್ಲಿ ಆ ತುಣುಕು ಸೇರಿಕೊಂಡಿದೆ. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ಎಂಬತ್ತರ ದಶಕದಲ್ಲಿ ಬಹುಪಾಲು ಯಾರೂ ಕೇಳಲೂ ಇಲ್ಲ, ಕೊಡಲೂ ಇಲ್ಲ. ಬೇರೆಯವರ ರೆಕಾರ್ಡಿನ ತುಣುಕು ಬಳಸಲು ಅನುಮತಿ ಬೇಕೇ ಬೇಕು ಅಂತ ನ್ಯೂಯಾರ್ಕಿನ ನ್ಯಾಯಾಲಯ ಖಡಕ್ಕಾಗಿ ಹೇಳಿದ್ದು 1991ರ ಡಿಸೆಂಬರಿನಲ್ಲಿ, ಬಿಜ್ ಮಾರ್ಕಿ ಎಂಬ ರ‍್ಯಾಪರ್‌ನ ಮೊಕದ್ದಮೆಯಲ್ಲಿ. ಮುಂದಿನ ವರ್ಷ ಇಎಸ್‌ಜಿ ಒಂದು ಸಣ್ಣ ರೆಕಾರ್ಡು ತಂದಿತು. ಅದರ ಹೆಸರೇ 'ಸ್ಯಾಂಪಲ್ ಕ್ರೆಡಿಟ್ಸ್ ಡೋಂಟ್ ಪೇ ಅವರ್ ಬಿಲ್ಸ್'. ಹೆಸರು ಹಾಕಿದರೆ ಕರೆಂಟ್ ಬಿಲ್ ಕಟ್ಟೋಕಾಗಲ್ಲ ಅಂತ ನೇರವಾಗಿಯೇ ಹೇಳಿದರು.

ಅಮೆರಿಕದಲ್ಲಿ ಅವರ ರೆಕಾರ್ಡು ತಂದದ್ದು ಎಡ್ ಬಾಲ್ಮನ್‌ನ 99 ರೆಕಾರ್ಡ್ಸ್ ಎಂಬ ಲೇಬಲ್, ಅಂದರೆ ರೆಕಾರ್ಡು ಕಂಪನಿ. ಆ ಲೇಬಲ್ಲಿನದೇ ಇನ್ನೊಂದು ಬ್ಯಾಂಡು ಲಿಕ್ವಿಡ್ ಲಿಕ್ವಿಡ್. ಅವರ 'ಕ್ಯಾವರ್ನ್' 1983ರಲ್ಲಿ ಬಂತು. ರಿಚರ್ಡ್ ಮೆಕ್‌ಗ್ವಾಯರ್‌ನ ಬೇಸು ಒಮ್ಮೆ ಕೇಳಿದರೆ ತಲೆಯಿಂದ ಇಳಿಯೋದಿಲ್ಲ. ಅದೇ ವರ್ಷ ಶುಗರ್ ಹಿಲ್ ರೆಕಾರ್ಡ್ಸ್ ಎಂಬ ಹಿಪ್-ಹಾಪ್ ಲೇಬಲ್ಲಿನ 'ವೈಟ್ ಲೈನ್ಸ್' ಬಂತು, ಹಾಡಿದ್ದು ಮೆಲಿ ಮೆಲ್. ಶುಗರ್ ಹಿಲ್‌ನ ವಾದ್ಯದವರು ಆ ಬೇಸನ್ನು ಹಾಗ್ಹಾಗೇ ನುಡಿಸಿದ್ದರು, ಹಾಡಿನ ಒಂದು ಸಾಲೂ ಕೊಂಚ ಬದಲಾಗಿ ಅಲ್ಲಿಗೆ ಹೋಗಿತ್ತು. ಹಾಡು ಲೋಕಪ್ರಸಿದ್ಧವಾಯಿತು. ಬಾಲ್ಮನ್ ಕೋರ್ಟಿಗೆ ಹೋದ, ತೀರ್ಪೂ ಅವನ ಕಡೆಗೇ ಆಯಿತು. ಅಷ್ಟರಲ್ಲಿ ಶುಗರ್ ಹಿಲ್ ದಿವಾಳಿಯಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬಾಲ್ಮನ್ ಬೇಸತ್ತು ಲೇಬಲ್ಲನ್ನೇ ಮುಚ್ಚಿದ. ಇಲ್ಲಿ ಕಳೆದುಕೊಂಡದ್ದು ಬಿಳಿಯರ ಲೇಬಲ್ಲು, ತಗೊಂಡದ್ದು ಕರಿಯರ ಲೇಬಲ್ಲು ಅನ್ನೋದನ್ನೂ ಗಮನಿಸಿ. ಬಣ್ಣ ನೋಡಿ ಕಳ್ಳ-ಸಾಧು ಅಂತ ಭಾಗ ಮಾಡೋಕೆ ಹೊರಟರೆ ಕಥೆ ಕೈಕೊಡುತ್ತದೆ. ಎರಡೂ ಕಡೆ ದುಡ್ಡು ಕಳಕೊಂಡದ್ದು ಚಿಕ್ಕವರು.

ಮೊದಲ ಅಲೆ ಮುಗಿದದ್ದೂ 1983ರ ಆಸುಪಾಸಿನಲ್ಲೇ. ಡ್ರಮ್ ಮಷಿನ್ ಬಂದಿತ್ತು. ಫ್ಯಾಕ್ಟರಿಯವರು 1982ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ತೆರೆದ ಹಸಿಯೆಂಡಾ ಕ್ಲಬ್ಬಿನ ಮೊದಲ ರಾತ್ರಿ ನುಡಿಸಿದ್ದು ಇಎಸ್‌ಜಿ. ಹತ್ತು ತಿಂಗಳಲ್ಲಿ ಅದೇ ಫ್ಯಾಕ್ಟರಿಯಿಂದ ನ್ಯೂ ಆರ್ಡರ್‌ನ 'ಬ್ಲೂ ಮಂಡೇ' ಬಂತು, ಡ್ರಮ್ಮೆಲ್ಲ ಯಂತ್ರದ್ದು. ಮನುಷ್ಯ ಬೆವರು ಸುರಿಸಿ ಬಾರಿಸುವ ಧಂ-ತ್ಸ್ ಹಳತಾಯಿತು.

ಎರಡನೇ ಅಲೆ ಅಂಗಡಿಯಿಂದ ಬಂತು ಅಂದರೆ ತಪ್ಪಿಲ್ಲ. 2000ದಿಂದ ಮುಂದೆ ಹಳೇ ರೆಕಾರ್ಡುಗಳ ಸಂಕಲನಗಳು ಒಂದರ ಹಿಂದೊಂದು ಬಂದವು. ಇಎಸ್‌ಜಿಯ 'ಎ ಸೌತ್ ಬ್ರಾಂಕ್ಸ್ ಸ್ಟೋರಿ', ಸ್ಟ್ರಟ್ ಲೇಬಲ್ಲಿನ 'ಡಿಸ್ಕೊ ನಾಟ್ ಡಿಸ್ಕೊ', ಸೋಲ್ ಜಾಝ್‌ನ 'ನ್ಯೂಯಾರ್ಕ್ ನಾಯ್ಸ್'. ಗ್ಲಾಸ್ಗೋದಲ್ಲಿ 1997ರಿಂದಲೇ ಪ್ರತಿ ಭಾನುವಾರ ಆಪ್ಟಿಮೊ ಎಂಬ ಕ್ಲಬ್ ರಾತ್ರಿ ನಡೆಯುತ್ತಿತ್ತು, ಆ ಹೆಸರು ಲಿಕ್ವಿಡ್ ಲಿಕ್ವಿಡ್ ರೆಕಾರ್ಡಿನದು. ಇಪ್ಪತ್ತು ವರ್ಷ ಧೂಳು ತಿಂದ ತಟ್ಟೆಗಳು ಡಿಜೆಗಳ ಚೀಲಕ್ಕೆ ವಾಪಸ್ ಬಂದವು.

ನ್ಯೂಯಾರ್ಕಿನ ಜೇಮ್ಸ್ ಮರ್ಫಿ, ಟಿಮ್ ಗೋಲ್ಡ್ಸ್‌ವರ್ದಿ, ಜಾನಥನ್ ಗಾಲ್ಕಿನ್ 2001ರಲ್ಲಿ ಡಿಎಫ್ಎ ಲೇಬಲ್ ಶುರು ಮಾಡಿದರು. 2002ರಲ್ಲಿ ಅವರು ತಂದ ದ ರ‍್ಯಾಪ್ಚರ್ ಬ್ಯಾಂಡಿನ 'ಹೌಸ್ ಆಫ್ ಜೆಲಸ್ ಲವರ್ಸ್' ಎಲ್ಲರ ಕಣ್ಣು ತೆರೆಸಿತು. ಟಣ್ ಟಣ್ ಅನ್ನುವ ಕೌಬೆಲ್, ಉರುಳುವ ಬೇಸು, ಗಂಟಲು ಹರಿಯುವ ಹಾಗೆ ಕಿರುಚುವ ಲೂಕ್ ಜೆನರ್. ರಾಕ್ ಕಛೇರಿಯಲ್ಲಿ ಕೈಕಟ್ಟಿ ನಿಂತು ತಲೆ ಅಲ್ಲಾಡಿಸುತ್ತಿದ್ದ ಜನ ಕಾಲು ಎತ್ತಿದರು. ಮರ್ಫಿ ತನ್ನ ಎಲ್‌ಸಿಡಿ ಸೌಂಡ್‌ಸಿಸ್ಟಮ್ ಹೆಸರಲ್ಲಿ 'ಲೂಸಿಂಗ್ ಮೈ ಎಡ್ಜ್' ಮಾಡಿದ. ಒಳ್ಳೊಳ್ಳೆ ರೆಕಾರ್ಡು ಮೊದಲು ಕಂಡುಕೊಂಡವನು ನಾನೇ, ಈಗ ಚಿಕ್ಕ ಹುಡುಗರು ಇಂಟರ್ನೆಟ್ಟಿನಲ್ಲಿ ಎಲ್ಲ ತಿಳಕೊಂಡು ನನ್ನ ಜಾಗಕ್ಕೆ ಬರ್ತಿದ್ದಾರೆ ಅಂತ ವಯಸ್ಸಾದ ಡಿಜೆಯೊಬ್ಬ ಗೋಳಾಡುವ ಹಾಡು ಅದು. ಕೊನೆಯಲ್ಲಿ ಬ್ಯಾಂಡುಗಳ ಹೆಸರಿನ ಉದ್ದ ಪಟ್ಟಿ ಓದುತ್ತಾನೆ. ಎರಡನೇ ಅಲೆಯ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ ಆ ಹಾಡೇ ಅಂತ ನನ್ನ ಎಣಿಕೆ. ಗ್ಯಾಂಗ್ ಆಫ್ ಫೋರ್ ಸರಕಿನ ಬಗ್ಗೆ ಹಾಡಿತ್ತು, ಇವರು ಸರಕು ಸಂಗ್ರಹಿಸಿದವರ ಬಗ್ಗೆ ಹಾಡಿದರು.

ಹಾಗಂತ ರಾಜಕೀಯ ಇರಲೇ ಇಲ್ಲ ಅನ್ನೋ ಹಾಗಿಲ್ಲ. ನ್ಯೂಯಾರ್ಕಿನಲ್ಲಿ 1926ರ ಕ್ಯಾಬರೆ ಕಾನೂನು ಅಂತ ಒಂದಿತ್ತು. ಲೈಸೆನ್ಸ್ ಇಲ್ಲದ ಬಾರು, ಹೋಟೆಲುಗಳಲ್ಲಿ ಗಿರಾಕಿಗಳು ಕುಣಿಯೋ ಹಾಗಿಲ್ಲ. ಹಾರ್ಲೆಮ್ಮಿನ ಜಾಝ್ ಕ್ಲಬ್ಬುಗಳಲ್ಲಿ ಕರಿಯರು-ಬಿಳಿಯರು ಬೆರೆಯೋದನ್ನು ತಡೆಯಲು ಬಳಕೆಯಾದ ಕಾನೂನು ಅಂತ ಅದಕ್ಕೆ ಕೆಟ್ಟ ಹೆಸರು. ಮೇಯರ್ ರೂಡಿ ಜೂಲಿಯಾನಿ ತೊಂಬತ್ತರ ದಶಕದಲ್ಲಿ ಅದನ್ನು ಮತ್ತೆ ಬಿಗಿಯಾಗಿ ಜಾರಿಗೆ ತಂದ. ಬಾರುಗಳ ಗೋಡೆ ಮೇಲೆ 'ಕುಣಿಯಬಾರದು' ಅಂತ ಬೋರ್ಡು ಬಂತು. ಗಲ್ಲಾಪೆಟ್ಟಿಗೆಯಲ್ಲಿ ಕೂತವನು ಹಾಡು ಹಾಕಿ, ಯಾರಾದರೂ ಸೊಂಟ ಅಲ್ಲಾಡಿಸಿದರೆ ಹೋಗಿ ನಿಲ್ಲಿಸಬೇಕು! ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಿಂದ ಬಂದ ಒಂದು ಬ್ಯಾಂಡಿನ ಹೆಸರು ಮೂರು ಆಶ್ಚರ್ಯಸೂಚಕ ಚಿಹ್ನೆ, ಬಾಯಲ್ಲಿ 'ಚಿಕ್ ಚಿಕ್ ಚಿಕ್' ಅನ್ನುತ್ತಾರೆ. ಅವರು 2003ರಲ್ಲಿ ಜೂಲಿಯಾನಿಯ ಹೆಸರು ಹಿಡಿದೇ ಒಂಬತ್ತು ನಿಮಿಷದ ಹಾಡು ಮಾಡಿದರು. ಕುಣಿತವೇ ಕಾನೂನುಬಾಹಿರ ಆದಾಗ ಕುಣಿಸುವ ಬ್ಯಾಂಡಿಗೆ ಭಾಷಣ ಬೇಕಾಗಿರಲಿಲ್ಲ. ಆ ಕಾನೂನು ರದ್ದಾದದ್ದು 2017ರ ನವೆಂಬರಿನಲ್ಲಿ.

ಬ್ರಿಟನ್ನಿನಲ್ಲಿ ಇದು ಬೇಗ ದೊಡ್ಡ ವ್ಯಾಪಾರವಾಯಿತು. ಗ್ಲಾಸ್ಗೋದ ಫ್ರಾಂಜ್ ಫರ್ಡಿನೆಂಡ್ 2004ರಲ್ಲಿ, ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದಿತು. ಬ್ಲಾಕ್ ಪಾರ್ಟಿಯ 'ಸೈಲೆಂಟ್ ಅಲಾರ್ಮ್' 2005ರಲ್ಲಿ ಬಂತು. ಅಷ್ಟೊತ್ತಿಗೆ ಪ್ರತಿ ಎರಡನೇ ಬ್ಯಾಂಡಿನ ಹೈ-ಹ್ಯಾಟ್ 'ತ್ಸ್ ತ್ಸ್' ಅನ್ನುತ್ತಿತ್ತು, ಜಾಹೀರಾತಿನಲ್ಲೂ ಅದೇ. 2007ರಲ್ಲಿ ಕ್ಲಾಕ್ಸನ್ಸ್ ಮತ್ತು 'ನ್ಯೂ ರೇವ್' ಎಂಬ ಬಣ್ಣ ಬಣ್ಣದ ಗದ್ದಲದೊಂದಿಗೆ ಈ ಅಲೆಯೂ ಇಳಿಯಿತು.

ಈ ನಡುವೆ ಗ್ಯಾಂಗ್ ಆಫ್ ಫೋರ್‌ನ ಮೂಲ ನಾಲ್ವರೂ ಮತ್ತೆ ಒಂದಾದರು. 2005ರಲ್ಲಿ ಅವರು ಮಾಡಿದ್ದೇನು ಗೊತ್ತಾ? ಹೊಸ ಹಾಡಲ್ಲ. ತಮ್ಮದೇ ಹಳೇ ಹಾಡುಗಳನ್ನು ಮತ್ತೆ ನುಡಿಸಿ 'ರಿಟರ್ನ್ ದ ಗಿಫ್ಟ್' ಅಂತ ಹೊರತಂದರು. ಹಳೇ ರೆಕಾರ್ಡಿಂಗ್ ಮಾರಿದರೆ ಲಾಭ ಹಳೇ ಕಂಪನಿಗೆ. ಹೊಸದಾಗಿ ನುಡಿಸಿದರೆ ಅದರ ಯಜಮಾನರು ಇವರೇ. ತಮ್ಮ ಹಾಡನ್ನು ತಾವೇ ನಕಲು ಮಾಡಿದರೆ ಮಾತ್ರ ದುಡ್ಡು ಅನ್ನೋ ಸ್ಥಿತಿ.

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಬಿಡಿಸಿ ನೋಡಬೇಕು. ಹಾಡಿನ ಹಕ್ಕು ಎರಡು ಥರ. ಒಂದು ರಚನೆಯದು, ಅಂದರೆ ಸಾಹಿತ್ಯ ಮತ್ತು ರಾಗ. ಇನ್ನೊಂದು ರೆಕಾರ್ಡಿಂಗಿನದು. 'ಯುಎಫ್‌ಒ'ದ ಸೈರನ್ ಕತ್ತರಿಸಿ ಅಂಟಿಸಿದರೆ ಎರಡನೆಯ ಹಕ್ಕು ಮುರಿದ ಹಾಗೆ. 'ಕ್ಯಾವರ್ನ್'ನ ಬೇಸನ್ನು ಸ್ವರ ಸ್ವರವಾಗಿ ನುಡಿಸಿದರೆ ಮೊದಲನೆಯದಕ್ಕೆ ಕೈಹಾಕಿದ ಹಾಗೆ. ಆದರೆ ಧಂ-ತ್ಸ್ ತಾಳ? ಬೇಸನ್ನು ಮುಂದೆ ತಂದು ಗಿಟಾರನ್ನು ಹಿಂದೆ ತಳ್ಳುವ ಬಗೆ? ಮಾತಾಡಿದಂತೆ ಹಾಡೋದು? ಇದ್ಯಾವುದಕ್ಕೂ ಯಜಮಾನರಿಲ್ಲ. 2015ರಲ್ಲಿ 'ಬ್ಲರ್ಡ್ ಲೈನ್ಸ್' ಹಾಡು ಮಾರ್ವಿನ್ ಗೇ ಹಾಡಿನ ಹಾಗೇ ಇದೆ ಎಂಬ ಮೊಕದ್ದಮೆಯಲ್ಲಿ ಗೇ ಕುಟುಂಬ ಗೆದ್ದಾಗ ಈ ಗೆರೆ ಸ್ವಲ್ಪ ಅಳಿಸಿತು, ಸಂಗೀತಗಾರರು ಹೆದರಿದರು ಕೂಡ. ಆದರೂ ಶೈಲಿಗೆ ಬಾಡಿಗೆ ಕೇಳೋ ಹಾಗಿಲ್ಲ. ಕೇಳಲೂಬಾರದು ಅನ್ನಿ, ಹಾಗಾದರೆ ಸಂಗೀತವೇ ನಿಂತುಹೋಗುತ್ತದೆ. ಗ್ಯಾಂಗ್ ಆಫ್ ಫೋರ್ ಕೂಡ ಫಂಕ್‌ಗೆ ಬಾಡಿಗೆ ಕಟ್ಟಿರಲಿಲ್ಲ.

ಪರಿಣಾಮ ಮಾತ್ರ ಒಂದು ಕಡೆಗೇ ವಾಲುತ್ತದೆ. ಪುನರುಜ್ಜೀವನ ಅಂದರೆ ಶೈಲಿ ತರೋದು. ಶೈಲಿಗೆ ಬಿಲ್ ಇಲ್ಲ. ಹಾಗಾಗಿ ಒಂದು ಅಲೆ ಎಷ್ಟೇ ದೊಡ್ಡದಾದರೂ ಮೂಲದವರಿಗೆ ಸಿಗೋದು ಹೊಗಳಿಕೆ, ಒಂದಷ್ಟು ಕಛೇರಿ, ಮರುಮುದ್ರಣದ ಚೂರುಪಾರು. ನಿಜವಾದ ದುಡ್ಡು ಬರೋದು ಯಾರಾದರೂ ರೆಕಾರ್ಡನ್ನೇ ಬಾಡಿಗೆಗೆ ತಗೊಂಡಾಗ. 2021ರಲ್ಲಿ ಆಪಲ್ ಕಂಪನಿ ಐಫೋನಿನ ಖಾಸಗಿತನದ ಜಾಹೀರಾತಿಗೆ ಡೆಲ್ಟಾ 5ರ 'ಮೈಂಡ್ ಯುವರ್ ಓನ್ ಬಿಸಿನೆಸ್' ಬಳಸಿತು. 1979ರ ಹಾಡು, ಎರಡೆರಡು ಬೇಸ್ ಗಿಟಾರಿನದು. ಸರಕು ಸಂಸ್ಕೃತಿಯನ್ನು ಬೈಯುತ್ತಿದ್ದ ಲೀಡ್ಸ್‌ನ ಪಾಳಯದಿಂದ ಬಂದ ಹಾಡು ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದರ ಜಾಹೀರಾತಿಗೆ! ನನಗೇನೂ ಇದರಲ್ಲಿ ದ್ರೋಹ ಕಾಣಿಸೋದಿಲ್ಲ. ನಲವತ್ತು ವರ್ಷದ ಮೇಲೆ ಬಿಲ್ ಕಟ್ಟಿದವರು ಯಾರೋ ಸಿಕ್ಕರಲ್ಲ.

ಈಗಿನ ಮೂರನೇ ಅಲೆ ಎಲ್ಲಿಂದ ಬಂತು? ಒಂದು, ಕೋವಿಡ್. ಒಂದೂವರೆ ವರ್ಷ ಕುಣಿಯುವ ಜಾಗಗಳೆಲ್ಲ ಮುಚ್ಚಿದ್ದವು, ಬಾಗಿಲು ತೆರೆದಾಗ ಜನಕ್ಕೆ ಬೆವರಬೇಕಿತ್ತು. ಎರಡು, 2000ದ ದಶಕದ ಫ್ಲಾಶ್ ಹೊಡೆದ ಪಾರ್ಟಿ ಫೋಟೊಗಳು 'ಇಂಡೀ ಸ್ಲೀಝ್' ಹೆಸರಲ್ಲಿ 2021ರ ನಂತರ ಫೋನುಗಳಲ್ಲಿ ಹರಿದಾಡಿದವು. ಆಗ ಹುಟ್ಟಿಯೇ ಇರದವರಿಗೂ ಆ ಕಾಲದ ನೆನಪು ಬಂದುಬಿಟ್ಟಿತು. ಮೂರು, ಟಾಕಿಂಗ್ ಹೆಡ್ಸ್‌ನ 'ಸ್ಟಾಪ್ ಮೇಕಿಂಗ್ ಸೆನ್ಸ್' ಸಿನಿಮಾ 2023ರಲ್ಲಿ ಮತ್ತೆ ತೆರೆಗೆ ಬಂತು. ಆದರೆ ಕುಣಿಯುವ ಆಸೆ ಜಾಸ್ತಿಯಾದ ಹೊತ್ತಿಗೇ ಜಾಗ ಕಮ್ಮಿಯಾಗುತ್ತಿದೆ. ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕದಂತೆ 2023 ಒಂದೇ ವರ್ಷದಲ್ಲಿ 125 ಸಣ್ಣ ಕಛೇರಿ ಜಾಗಗಳು ಮುಚ್ಚಿದವು ಅಥವಾ ಸಂಗೀತ ನಿಲ್ಲಿಸಿದವು. 1979ರಲ್ಲಿ ಖಾಲಿ ಗೋದಾಮಿತ್ತು, 2002ರಲ್ಲಿ ಬ್ರೂಕ್ಲಿನ್ ಇನ್ನೂ ಅಗ್ಗವಿತ್ತು. ಈಗ ಅಂಥ ಊರು ಹುಡುಕಬೇಕು.

ಹೊಸಬರಲ್ಲಿ ಎಲ್ಲರೂ ಒಂದೇ ತಕ್ಕಡಿಯವರಲ್ಲ. ದ ಡೇರ್ ಮಜವಾಗಿದ್ದಾನೆ, ಆದರೆ ಅವನದು ನಕಲಿನ ನಕಲು. 2002ರ ಮರ್ಫಿಯಿಂದ ವೇಷ ತಗೊಂಡಿದ್ದಾನೆ, ಮರ್ಫಿಯ ಸ್ವಂತ ಲೇವಡಿಯನ್ನು ಅಲ್ಲೇ ಬಿಟ್ಟಿದ್ದಾನೆ. ಬ್ರೈಟನ್ನಿನ ಸ್ಕ್ವಿಡ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಆಲಿ ಜಡ್ಜ್‌ನೇ ಹಾಡುತ್ತಾನೆ, ತಾಳಕ್ಕೂ ದನಿಗೂ ನಡುವೆ ಕೂದಲೆಳೆ ಜಾಗವಿರೋದಿಲ್ಲ. ಲೀಡ್ಸ್‌ನಿಂದಲೇ ಬಂದ ಯಾರ್ಡ್ ಆ್ಯಕ್ಟ್ ತನ್ನ 2022ರ 'ದ ಓವರ್‌ಲೋಡ್' ಆಲ್ಬಮ್ಮಿನಲ್ಲಿ ದುಡ್ಡು, ಮನೆ, ಊರಿನ ಸಣ್ಣತನ ಎಲ್ಲವನ್ನೂ ಜೇಮ್ಸ್ ಸ್ಮಿತ್‌ನ ಹರಟೆಯ ದನಿಯಲ್ಲಿ ಆಡಿಕೊಳ್ಳುತ್ತದೆ. ಎರಡನೇ ಆಲ್ಬಂ ಹೊತ್ತಿಗೆ ತನ್ನ ಯಶಸ್ಸನ್ನೇ ಆಡಿಕೊಂಡಿತು. ಗ್ಯಾಂಗ್ ಆಫ್ ಫೋರ್‌ನ ಜಗಳಗಂಟಿ ಬುದ್ಧಿ ಆ ಊರಿನ ನೀರಲ್ಲೇ ಇರಬೇಕು.

ಹಳಬರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಆಂಡಿ ಗಿಲ್ 2020ರ ಫೆಬ್ರವರಿ 1ರಂದು ತೀರಿಕೊಂಡ. ಜೇಮ್ಸ್ ಚಾನ್ಸ್ 2024ರ ಜೂನಿನಲ್ಲಿ. ಡೇವ್ ಆಲನ್ 2025ರ ಏಪ್ರಿಲಿನಲ್ಲಿ, ಗ್ಯಾಂಗ್ ಆಫ್ ಫೋರ್ ವಿದಾಯದ ಪ್ರವಾಸ ಹೊರಡುವ ಹೊತ್ತಿಗೆ.

ಹೊಸಬರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಬ್ರೂಕ್ಲಿನ್ನಿನ ಮಾಡೆಲ್/ಆಕ್ಟ್ರೀಸ್. ಅವರ ಗಿಟಾರು ಗಿಟಾರಿನ ಹಾಗೆ ಕೇಳಿಸೋದೇ ಇಲ್ಲ, ಕಾರ್ಖಾನೆಯ ಗರಗಸವನ್ನು ತಾಳಕ್ಕೆ ಕಟ್ಟಿದ ಹಾಗಿದೆ. ಕೆಳಗೆ ಅದೇ ನಾಲ್ಕು ಮಾತ್ರೆಯ ಧಂ. ಹಾಡುವ ಕೋಲ್ ಹೇಡನ್ ವೇದಿಕೆ ಇಳಿದು ಜನರ ನಡುವೆ ನಡೆಯುತ್ತಾ, ಒಬ್ಬೊಬ್ಬರ ಕಣ್ಣಲ್ಲಿ ಕಣ್ಣಿಟ್ಟು ಹಾಡುತ್ತಾನೆ. 2025ರ 'ಪಿರುವೆಟ್' ಆಲ್ಬಮ್ಮಿನ 'ಸಿಂಡರೆಲ್ಲಾ' ಹಾಡಿನಲ್ಲಿ ತನ್ನ ಐದನೇ ವರ್ಷದ ಹುಟ್ಟುಹಬ್ಬದ ಮಾತು ಬರುತ್ತದೆ. ಸಿಂಡರೆಲ್ಲಾ ಪಾರ್ಟಿ ಬೇಕು ಅನ್ನಿಸಿತ್ತು, ಹುಡುಗನಾಗಿ ಅದನ್ನು ಕೇಳೋಕೆ ಹೆದರಿ ಮನಸ್ಸು ಬದಲಾಯಿಸಿದೆ ಅಂತ. ಮೊದಲೆರಡು ಅಲೆಯ ಗಂಡು ಹುಡುಗರು ಡಿಸ್ಕೊದ ಡ್ರಮ್ಮು ತಗೊಂಡು, ಅದು ಯಾರ ಕ್ಲಬ್ಬಿನಿಂದ ಬಂತು ಅನ್ನೋದನ್ನು ಬಹುಪಾಲು ಹೊರಗೇ ಇಟ್ಟಿದ್ದರು. ಹೇಡನ್ ಸಲಿಂಗಿ, ಅದನ್ನು ಹಾಡಿನಲ್ಲಿ ಮುಚ್ಚಿಡೋದೂ ಇಲ್ಲ. 1979ರಲ್ಲಿ ಶಿಕಾಗೊದ ಮೈದಾನದಲ್ಲಿ ಸುಟ್ಟ ರೆಕಾರ್ಡುಗಳ ವಾರಸುದಾರರು ಈ ಸಲ ಬ್ಯಾಂಡಿನ ಒಳಗೇ, ಮೈಕು ಹಿಡಿದು ನಿಂತಿದ್ದಾರೆ.